ಕಡಬಕ್ಕೆ ಬಂದ ಕಡಲಹುಳ

ಚಿತ್ರ ಬರೆಯುವ ಕೆಲಸ ಕೇಳಿಕೊಂಡು ಹೋದ ದಿನ ಕಿಣಿ ಡಾಕ್ಟ್ರು ನನ್ನ ಕೈಗೆ ಪೆನ್ಸಿಲು ಕೊಡಲಿಲ್ಲ. ಕಿಟಕಿಯ ಬಳಿ ಇದ್ದ ಸೂಕ್ಷ್ಮದರ್ಶಕದ ಕೆಳಗೆ ಒಂದು ಗಾಜಿನ ಪಟ್ಟಿ ಇಟ್ಟು, "ಕಂಡದ್ದನ್ನು ಹೇಳಿ" ಎಂದರು.

"ನೂಲು ಕಾಣ್ತದೆ," ಎಂದೆ.

"ಮತ್ತೆ?"

"ನೂಲಿನ ಒಂದು ತುದಿಯಲ್ಲಿ ಕೂದಲು ಉಂಟು. ಉದ್ದದ್ದು ನಾಲ್ಕು. ಗಿಡ್ಡದ್ದು ಎಷ್ಟು ಅಂತ ಸರಿ ಕಾಣುದಿಲ್ಲ."

"ಕಾಣುದಿಲ್ಲ ಅಂತ ಹೇಳ್ಲಿಕ್ಕೆ ಬರ್ತದಲ್ಲ, ಅಷ್ಟು ಸಾಕು. ಸೋಮವಾರ ಬನ್ನಿ."

ನನಗಿಂತ ಮೊದಲು ಬಂದಿದ್ದ ಇಬ್ಬರು ಇಲ್ಲದ ಕೂದಲನ್ನೂ ಎಣಿಸಿ ಹೇಳಿದ್ದರಂತೆ.

ಆ ನೂಲು ಸಮುದ್ರದ ದುಂಡುಹುಳ. ಎರೆಹುಳದ ಹಾಗೆ ಇದರ ಮೈಯಲ್ಲಿ ಗಂಟುಗಂಟಾದ ಉಂಗುರಗಳಿಲ್ಲ. ಎರಡೂ ತುದಿ ಚೂಪಾದ, ನುಣುಪಾದ ಮೈ. ಕಡಲಕರೆಯ ಒದ್ದೆ ಮರಳಿನಲ್ಲಿ, ಒಂದು ಕಾಳಿಗೂ ಇನ್ನೊಂದು ಕಾಳಿಗೂ ನಡುವಿನ ನೀರಿನಲ್ಲಿ ಇದರ ಸಂಸಾರ. ನಮ್ಮ ತಲೆಕೂದಲನ್ನು ಇದರ ಪಕ್ಕ ಇಟ್ಟರೆ ಕೂದಲೇ ಹಗ್ಗದಂತೆ ಕಾಣುತ್ತದೆ.

ಪುತ್ತೂರಿನಲ್ಲಿ ಕೂತು ಸಮುದ್ರದ ಹುಳ ನೋಡುವುದು ಎಂಥ ಕೆಲಸ ಎಂದು ಈಗಲೂ ಕೇಳುವವರಿದ್ದಾರೆ. ಅದು ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ಹೊಸತು. ಸುಳ್ಯ, ಕಡಬ ಎಲ್ಲ ಆಗ ಪುತ್ತೂರು ತಾಲೂಕಿಗೇ ಸೇರಿದ ಊರುಗಳು. ಬೆಳೆಗಳ ಬೇರಿಗೆ ಬರುವ ರೋಗ ನೋಡಲಿಕ್ಕೆಂದು ಪುತ್ತೂರಿನಲ್ಲಿ ಒಂದು ಸಣ್ಣ ಪ್ರಯೋಗಶಾಲೆ ತೆರೆದರು. ಅದಕ್ಕೆ ಮುಖ್ಯಸ್ಥರಾಗಿ ಬಂದವರು ಡಾಕ್ಟರ್ ವಾಮನ ಕಿಣಿ. ಮಂಗಳೂರಿನವರು. ಕಡಲಕರೆಯ ಯಾವುದೋ ಪ್ರಯೋಗಶಾಲೆಯಲ್ಲಿ ಅಲ್ಲಿಯವರೆಗೆ ಸಮುದ್ರದ ದುಂಡುಹುಳಗಳನ್ನು ಬೇರ್ಪಡಿಸಿ ಹೆಸರಿಡುತ್ತಿದ್ದರು. "ಹುಳ ಹುಳವೇ ಅಲ್ಲವೇ" ಎಂದು ಯಾರೋ ಮೇಲಿನವರು ಅವರನ್ನು ಪುತ್ತೂರಿಗೆ ವರ್ಗ ಮಾಡಿದರು. ಅವರು ಗೊಣಗದೆ ಬಂದರು. ಬರುವಾಗ ತಮ್ಮ ಸಮುದ್ರವನ್ನೂ ಜೊತೆಗೆ ತಂದರು. ಹಗಲಿಗೆ ತೋಟದ ಮಣ್ಣು, ಬೇರು. ಸಂಜೆಯ ಬಿಡುವಿಗೆ ಕಡಲಹುಳ. ಮಂಗಳೂರಿನ ಬಸ್ಸಿನಲ್ಲಿ, ಡ್ರೈವರನ ಸೀಟಿನ ಹಿಂದೆ, ಒದ್ದೆ ಮರಳು ತುಂಬಿದ ಡಬ್ಬಿಯೊಂದು ಆಗಾಗ ಬಂದಿಳಿಯುತ್ತಿತ್ತು.

ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಆ ಡಬ್ಬಿಯನ್ನು ನೋಡಿ, "ಕಿಣಿಯವರೇ, ಪುತ್ತೂರಿನಲ್ಲಿ ಸಮುದ್ರ ಎಲ್ಲಿದೆ?" ಎಂದು ಗದರಿದರು.

"ಆ ಡಬ್ಬಿಯಲ್ಲಿ ಉಂಟು, ಸರ್," ಎಂದರು ಕಿಣಿ. ಹಾಸ್ಯ ಮಾಡಿದ್ದಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟದ್ದು. ಅವರ ಸ್ವಭಾವವೇ ಹಾಗಿತ್ತು.

ನಾನು ಕೆದಂಬಾಡಿಯವಳು. ಹೈಸ್ಕೂಲು ಮುಗಿಸಿ, ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿಕೊಂಡು ಮನೆಯಲ್ಲಿದ್ದೆ. ಚಿತ್ರ ಬರೆಯುವವರು ಬೇಕು ಎಂಬ ಸುದ್ದಿ ಕೇಳಿ ಅಪ್ಪನೇ ಕರೆದುಕೊಂಡು ಹೋದದ್ದು. ಎಂಥ ಚಿತ್ರ ಎಂದು ಅವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹುಳ ಎಂದು ಗೊತ್ತಾದ ಮೇಲೆ ಅಮ್ಮ ಒಂದು ಕಟ್ಟಳೆ ಮಾಡಿದಳು: ಕೆಲಸದಿಂದ ಬಂದವಳು ಮಿಂದೇ ಅಡುಗೆಮನೆಗೆ ಬರಬೇಕು. ನಾನು ಮುಟ್ಟುವುದು ಗಾಜನ್ನು ಮಾತ್ರ, ಹುಳವನ್ನಲ್ಲ ಎಂದು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. "ನೀನು ಮುಟ್ಟುದಿಲ್ಲ, ಸರಿ. ಇಡೀ ದಿನ ನೋಡ್ತೀಯಲ್ಲ?" ಎನ್ನುತ್ತಿದ್ದಳು.

ಮುಂದೆ ಬೇರೆ ಬೇರೆ ಕುರ್ಚಿಗಳಲ್ಲಿ ಕೂತೆ. ಆ ಕುರ್ಚಿಗಳ ಕತೆಯಿಂದ ಯಾರಿಗೂ ಪ್ರಯೋಜನವಿಲ್ಲ. ಕೆಲಸ ಹೇಗಿತ್ತು ಎಂದು ಹೇಳುತ್ತೇನೆ.

ಹಿಡಿ ಮರಳನ್ನು ನೀರಿನಲ್ಲಿ ಕಲಕಿ, ಮೇಲೆದ್ದ ಕೆಸರನ್ನು ನುಣುಪು ಜರಡಿಗಳಲ್ಲಿ ಸೋಸಿ, ಉಳಿದದ್ದನ್ನು ಗಾಜಿನ ಬಟ್ಟಲಿಗೆ ಹಾಕಬೇಕು. ಅಲ್ಲಿ ಒದ್ದಾಡುವ ನೂಲುಗಳನ್ನು ಬಿದಿರಿನ ಸಿಬಿರಿನಿಂದ ಒಂದೊಂದಾಗಿ ಎತ್ತಬೇಕು. ಹದವಾದ ಬಿಸಿಯಲ್ಲಿ ಅವು ಸತ್ತು ನೆಟ್ಟಗಾಗುತ್ತವೆ. ಬಿಸಿ ಹೆಚ್ಚಾದರೆ ಬೆಂದು ಸುರುಟುತ್ತವೆ. ಆಮೇಲೆ ಗ್ಲಿಸರಿನ್ನಿನ ಒಂದು ಹನಿಯಲ್ಲಿ ಮಲಗಿಸಿ, ಗಾಜು ಮುಚ್ಚಿ, ಸುತ್ತ ಮೇಣ ಹಚ್ಚುವುದು. ಸೂಕ್ಷ್ಮದರ್ಶಕದ ಮೇಲೆ ಕೂರಿಸುವ ಕನ್ನಡಿಯ ಒಂದು ಸಲಕರಣೆ ನನ್ನ ಬಳಿ ಇತ್ತು. ಅದರಲ್ಲಿ ನೋಡಿದರೆ ಒಂದೇ ಕಣ್ಣಿಗೆ ಹುಳವೂ ಕಾಣುತ್ತದೆ, ಮೇಜಿನ ಮೇಲಿನ ಕಾಗದವೂ ಕಾಣುತ್ತದೆ. ಹುಳದ ಅಂಚಿನ ಮೇಲೆಯೇ ಪೆನ್ಸಿಲು ಓಡಿಸಬಹುದು. ಮೊದಲ ವಾರ ತಲೆನೋವು ಬರುತ್ತದೆ, ಆಮೇಲೆ ಆ ಕನ್ನಡಿಯಿಲ್ಲದೆ ಬರೆಯಲು ಬರುವುದಿಲ್ಲ.

ಯಾವ ಜಾತಿ ಎಂದು ಹೇಳಲು ಕಿಣಿ ಡಾಕ್ಟ್ರಿಗೆ ಒಂದು ಕ್ರಮವಿತ್ತು. ಮೊದಲು ಬಾಯಿ: ತುಟಿಗಳು ಹೇಗಿವೆ, ಒಳಗೆ ಹಲ್ಲು ಉಂಟೇ. ಬಳಿಕ ತಲೆಯ ಎರಡು ಬದಿಯ ಗುಳಿಗಳು. ವಾಸನೆ ಹಿಡಿಯುವ ಈ ಗುಳಿ ಕೆಲವಕ್ಕೆ ಬಳೆಯಂತೆ, ಕೆಲವಕ್ಕೆ ಚಕ್ಕುಲಿಯಂತೆ ಸುತ್ತಿಕೊಂಡಿರುತ್ತದೆ. ಬಳಿಕ ಮೈಮೇಲಿನ ರೋಮ. ಕೊನೆಗೆ ಬಾಲ. ಕಡಲಹುಳಗಳಲ್ಲಿ ಬಹಳಷ್ಟಕ್ಕೆ ಬಾಲದ ತುದಿಯಲ್ಲಿ ಅಂಟು ಬಿಡುವ ಒಂದು ರಂಧ್ರವಿರುತ್ತದೆ. ತೆರೆ ಎಳೆಯುವಾಗ ಮರಳುಕಾಳಿಗೆ ಅಂಟಿಕೊಳ್ಳಲು. ಗಂಡುಹುಳವಾದರೆ ಬಾಲದ ಬಳಿ ಕುಡುಗೋಲಿನಂಥ ಎರಡು ಪುಟ್ಟ ಮುಳ್ಳುಗಳು. ಒಂದು ಜಾತಿಯ ಮುಳ್ಳು ಇನ್ನೊಂದಕ್ಕೆ ಇರುವುದಿಲ್ಲ. ಆದ್ದರಿಂದ ಗಂಡು ಸಿಗದೆ ಹೊಸ ಹೆಸರಿಡಬಾರದು ಎಂಬುದು ಡಾಕ್ಟ್ರ ಹಟ.

ಆ ಹಟ ಬಂದದ್ದು ಒಂದು ಫಜೀತಿಯಿಂದ. ನಾನು ಸೇರಿದ ವರ್ಷ ಬಸ್ಸಿನ ಡಬ್ಬಿಯಲ್ಲಿ ತಲೆಗೆ ಕುಲಾವಿ ಹಾಕಿದಂಥ ಒಂದು ಹುಳ ಸಿಕ್ಕಿತು. ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಡಾಕ್ಟ್ರು ಸಡಗರದಿಂದ ವಿವರಣೆ ಬರೆದರು, ನಾನು ಕುಲಾವಿಯ ಒಂದೊಂದು ಸುಕ್ಕನ್ನೂ ಬಿಡದೆ ಬಿಡಿಸಿದೆ. ಮದ್ರಾಸಿನ ಸ್ನೇಹಿತರಿಗೆಲ್ಲ ಸುದ್ದಿ ಹೋಯಿತು. ಮುಂದಿನ ಡಬ್ಬಿಯಲ್ಲಿ ಅದೇ ಕುಲಾವಿಯ ಇನ್ನೊಂದು ಜೀವಂತ ಹುಳ ಬಂತು. ನಾವಿಬ್ಬರೂ ನೋಡುತ್ತಿದ್ದಂತೆ ಅದು ಒಮ್ಮೆ ಮೈಕೊಡವಿ, ಕುಲಾವಿಯನ್ನು ಕಳಚಿಟ್ಟು ಈಜಿಕೊಂಡು ಹೋಯಿತು. ಪೊರೆ ಬಿಡುತ್ತಿದ್ದ ಮರಿ ಅದು, ಎಲ್ಲರಿಗೂ ಗೊತ್ತಿದ್ದ ಹಳೆಯ ಜಾತಿ.

ಡಾಕ್ಟ್ರು ಕಳಚಿದ ಕುಲಾವಿಯನ್ನು ಸಿಬಿರಿನಿಂದ ಎತ್ತಿ ಗಾಜಿನ ಮೇಲಿಟ್ಟರು. ಆಮೇಲೆ, "ಪಾಪ, ಅಂಗಿ ಬಿಚ್ಚುವವನನ್ನು ಹಿಡಿದು ನಾವು ಹೊಸ ಕುಲಕ್ಕೆ ಸೇರಿಸಿದ್ದು," ಎಂದು ನಕ್ಕರು. ಮದ್ರಾಸಿಗೆಲ್ಲ ಅವರೇ ಬರೆದು ತಿಳಿಸಿದರು. ನನ್ನ ಚಿತ್ರವನ್ನು ಮಾತ್ರ ಹರಿಯಲಿಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿದರು, ಬಂದವರೆಲ್ಲ ಕೇಳಲಿ ಎಂದು.

ಬರುವವರೇನೂ ಕಡಿಮೆ ಇರಲಿಲ್ಲ. ಹುಳದ ಡಾಕ್ಟ್ರು ಬಂದಿದ್ದಾರೆ ಎಂಬ ಸುದ್ದಿ ಸುಳ್ಯದವರೆಗೂ ಹಬ್ಬಿ, ಹೊಟ್ಟೆಹುಳದ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ತಾಯಂದಿರು ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದರು. "ನಾನು ಮದ್ದಿನ ಡಾಕ್ಟ್ರಲ್ಲಮ್ಮ," ಎಂದು ಡಾಕ್ಟ್ರು ಕೈಮುಗಿದರೆ, "ಹುಳ ಗೊತ್ತುಂಟಲ್ಲ ನಿಮಗೆ, ಅಷ್ಟು ಸಾಕು," ಎಂದು ಆ ತಾಯಂದಿರೂ ಕೈಮುಗಿಯುವರು. ಕೊನೆಗೆ ಡಾಕ್ಟ್ರು ಸರಕಾರಿ ಆಸ್ಪತ್ರೆಯವರೊಂದಿಗೆ ಮಾತಾಡಿ, ಬಂದವರನ್ನೆಲ್ಲ ನಮ್ಮ ಜವಾನನ ಜೊತೆ ಅಲ್ಲಿಗೆ ಕಳಿಸುವ ಏರ್ಪಾಡು ಮಾಡಿದರು.

ಹಸನಬ್ಬ ಬಂದ ದಿನವೂ ಜಗಲಿಯಲ್ಲಿ ಅಂಥವರು ಕೂತಿದ್ದರು. ಆದ್ದರಿಂದ ಮಗುವಿನ ಬದಲು ಹೆಗಲ ಮೇಲೆ ಗೋಣಿ ಹೊತ್ತ ಆ ಎತ್ತರದ ಮನುಷ್ಯನನ್ನು ಕಂಡಾಗ ನನಗೆ ಆಶ್ಚರ್ಯವಾಯಿತು. ಕಡಬದ ಬ್ಯಾರಿ ಮುಸ್ಲಿಮನಾದ ಅವನದು ಮೀನುಗೊಬ್ಬರದ ವ್ಯಾಪಾರ. ಕಡಲಕರೆಯಲ್ಲಿ ಒಣಗಿಸಿದ ಬೂತಾಯಿ ಮೀನನ್ನು ಲಾರಿಯಲ್ಲಿ ತಂದು, ಗುಂಡ್ಯದವರೆಗಿನ ಅಡಿಕೆ, ಕಾಳುಮೆಣಸಿನ ತೋಟಗಳಿಗೆ ಮಾರುತ್ತಿದ್ದ. ಗೋಣಿಯನ್ನು ನಮ್ಮ ಮೇಜಿನ ಪಕ್ಕ ಇಳಿಸಿದ. ಕೋಣೆಯೆಲ್ಲ ನಾತ.

"ಡಾಕ್ಟ್ರೆ, ಇದರಲ್ಲಿ ಎಂತ ಉಂಟು ಅಂತ ನೀವು ನೋಡಿ ಹೇಳ್ಬೇಕು," ಎಂದ. "ಕಡಬದ ಕಡೆ ಒಳ್ಳೆಮೆಣಸಿನ ಬಳ್ಳಿ ಹಳದಿಯಾಗಿ ಸಾಯ್ತಾ ಉಂಟು. ನನ್ನ ಮೀನಿನಲ್ಲಿ ಸಮುದ್ರದ ಹುಳ ಬಂದು ಬೇರು ತಿಂತದೆ ಅಂತ ಹೇಳ್ತಾರೆ. ಲಾರಿ ಇಳಿಸ್ಲಿಕ್ಕೆ ಜನ ಇಲ್ಲ ಈಗ. ಮಕ್ಕಳು ಶಾಲೆಗೆ ಹೋದ್ರೆ ಹುಳದ ಬ್ಯಾರಿಯ ಮಕ್ಕಳು ಅಂತ ಕರೀತಾರಂತೆ."

"ಯಾರು ಹೇಳಿದ್ದು ಹಾಗೆ?"

"ಕುಶಾಲಪ್ಪ ಗೌಡ್ರು. ಅವರು ಸುಳ್ಳು ಹೇಳುವ ಜನ ಅಲ್ಲ ಮಾರಾಯ್ರೆ, ಅದೇ ಕಷ್ಟ. ಬೂತಗನ್ನಡಿಯಲ್ಲಿ ನೋಡಿದಾರೆ. ಮೀನಿನ ಹೊಟ್ಟೆಯಲ್ಲಿಯೂ ಹುಳ ಉಂಟು, ಬುಡದ ಮಣ್ಣಿನಲ್ಲಿಯೂ ಹುಳ ಉಂಟು. ನನಗೂ ತೋರಿಸಿದ್ರು. ನನ್ನಿಂದ ತಪ್ಪಾಗಿದ್ರೆ ಹೇಳಿ, ಇದ್ದದ್ದನ್ನೆಲ್ಲ ನಾನೇ ಹೊಳೆಗೆ ಹಾಕ್ತೇನೆ. ಆಗಿಲ್ಲದಿದ್ರೆ ಅದನ್ನೂ ಹೇಳಿ."

"ನೋಡದೆ ಎರಡನ್ನೂ ಹೇಳ್ಲಿಕ್ಕಾಗುದಿಲ್ಲ," ಎಂದರು ಡಾಕ್ಟ್ರು. "ಗೋಣಿ ಇಲ್ಲಿರಲಿ."

ಅಮ್ಮ ಆ ಸಂಜೆ ನನ್ನನ್ನು ಎರಡು ಸಲ ಮೀಯಿಸಿದಳು.

ಮೀನಿನ ಹೊಟ್ಟೆಯ ಹುಳ ಕಷ್ಟ ಕೊಡಲಿಲ್ಲ. ಸುರುಳಿ ಸುತ್ತಿ ಒಣಗಿದ್ದ ದಪ್ಪ ಮರಿಗಳು. ಮೀನಿನ ಒಳಗಲ್ಲದೆ ಬೇರೆಲ್ಲೂ ಬಾಳದ ಜಾತಿ. ನಮ್ಮನ್ನು ಗೊಂದಲಕ್ಕೆ ಹಾಕಿದ್ದು ಗೋಣಿಯ ತಳದಲ್ಲಿ ಅಂಟಿದ್ದ ಮರಳು. ಮೀನು ಒಣಗಿಸುವ ಕಡೆಯ ಮರಳು ಅದು, ಉಪ್ಪಿನ ಪಸೆಯಲ್ಲಿ ಒದ್ದೆಯಾಗಿಯೇ ಇತ್ತು. ಅದನ್ನು ಸೋಸಿದಾಗ ಸತ್ತ ಹೆಣ್ಣುಹುಳವೊಂದು ಸಿಕ್ಕಿತು. ತಲೆಯ ಬದಿಯಲ್ಲಿ ಚಕ್ಕುಲಿ ಗುಳಿ. ಮೈತುಂಬ ರೋಮ. ಬಾಲದಲ್ಲಿ ಅಂಟಿನ ರಂಧ್ರ. ಅಪ್ಪಟ ಕಡಲಹುಳ, ಅದರಲ್ಲೂ ಡಾಕ್ಟ್ರು ಅದುವರೆಗೆ ಕಾಣದ್ದು.

ಮರುವಾರ ಕಡಬದ ಬಸ್ಸು ಹತ್ತಿದೆವು. ಅಲ್ಲಿಂದ ಜೀಪು, ಜೀಪು ಹೋಗದ ಕಡೆ ನಡಿಗೆ. ಕುಶಾಲಪ್ಪ ಗೌಡರೇ ಮುಂದೆ ನಿಂತು ತೋಟದಿಂದ ತೋಟಕ್ಕೆ ಕರೆದುಕೊಂಡು ಹೋದರು. ಸುಳ್ಯದ ಕಡೆಯಿಂದ ಬಂದು ಇಲ್ಲಿ ನೆಲೆಯೂರಿದ ಅರೆಭಾಷೆ ಮಾತಾಡುವ ಕುಟುಂಬ ಅವರದು. ಐವತ್ತು ದಾಟಿದ ಗಟ್ಟಿ ಆಳು. ಊರಿಗೆಲ್ಲ ಒಳ್ಳೆಮೆಣಸಿನ ಹುಚ್ಚು ಹಿಡಿಸಿದವರೇ ಅವರು. ಹೊಳೆಬದಿಯ ತಮ್ಮ ಪಾತಿಯಲ್ಲಿ ಬಳ್ಳಿಯ ತುಂಡುಗಳಿಗೆ ಬೇರು ಬರಿಸಿ, ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದರು. ಆ ಪಾತಿಯನ್ನು ನಮಗೆ ತೋರಿಸುವಾಗ ಅವರ ಮುಖದಲ್ಲಿ ಮೊಮ್ಮಕ್ಕಳನ್ನು ತೋರಿಸುವವರ ಹಿಗ್ಗು ಇತ್ತು.

"ಮೊದಲು ಇಲ್ಲಿ ಬದನೆ ಹಾಕ್ತಿದ್ದೆ," ಎಂದರು. "ಬದನೆ ಕೈಹಿಡೀಲಿಲ್ಲ. ಮೆಣಸು ಹಿಡೀತು."

ಡಾಕ್ಟ್ರು ತಲೆಯಾಡಿಸಿ, ಪಾತಿಯ ಮಣ್ಣನ್ನೂ ಒಂದು ಹಿಡಿ ಕಟ್ಟಿಕೊಂಡರು.

ದಾರಿಯಲ್ಲಿ ಸುಬ್ರಾಯ ಭಟ್ಟರ ತೋಟ ಬಂತು. ಅಲ್ಲಿಯೂ ಬಳ್ಳಿ ಹಳದಿ. ಭಟ್ಟರು ವಯಸ್ಸಾದವರು, ಮೆಲುಮಾತಿನವರು. ಅಭ್ಯಾಸಬಲದಿಂದ ನಾನು, "ನಿಮ್ಮಲ್ಲಿ ಯಾವ ವರ್ಷದಿಂದ ಮೀನು ಹಾಕುದು?" ಎಂದು ಕೇಳಿಬಿಟ್ಟೆ.

ಭಟ್ಟರು ಕಿವಿ ಮುಚ್ಚಿಕೊಂಡರು. "ಶಿವ ಶಿವ. ನಮ್ಮ ಬೇಲಿಯ ಒಳಗೆ ಮೀನು ಬಂದದ್ದೇ ಇಲ್ಲ ಮಗಾ. ಸಗಣಿ, ಸೊಪ್ಪು, ಅಷ್ಟೇ."

ನಾನು ಡಾಕ್ಟ್ರ ಮುಖ ನೋಡಿದೆ. ಅವರು ಬುಡದ ಮಣ್ಣು ಕೆರೆಯುತ್ತಿದ್ದರು. ತಲೆ ಎತ್ತಲಿಲ್ಲ.

ಪುತ್ತೂರಿಗೆ ಬಂದು ಎಲ್ಲ ಮಣ್ಣನ್ನೂ ಬಟ್ಟೆಯಲ್ಲಿ ಕಟ್ಟಿ, ಆಲಿಕೆಯ ನೀರಿನಲ್ಲಿ ಮುಳುಗಿಸಿಟ್ಟೆವು. ಹುಳ ಬಟ್ಟೆಯಿಂದ ಜಾರಿ ಕೆಳಗಿನ ರಬ್ಬರು ಕೊಳವೆಗೆ ಇಳಿಯುತ್ತದೆ. ಹಳದಿ ಬಿದ್ದ ಪ್ರತಿಯೊಂದು ತೋಟದ ಕೊಳವೆಯಲ್ಲೂ ಒಂದೇ ಜಾತಿಯ ಪುಟ್ಟ ಹುಳ. ಕಣ್ಣಿಲ್ಲ, ರೋಮವಿಲ್ಲ, ಬಾಲದಲ್ಲಿ ಅಂಟಿನ ರಂಧ್ರವಿಲ್ಲ. ಬಾಯೊಳಗೆ ಮಾತ್ರ ಒಂದು ಸೂಜಿ. ಬೇರಿಗೆ ಆ ಸೂಜಿ ಚುಚ್ಚಿ ರಸ ಹೀರುವ ನೆಲದ ಹುಳ ಅದು. ರೋಗದ ಬಳ್ಳಿಗಳ ಬೇರಿನಲ್ಲಿ ಎದ್ದಿದ್ದ ಗಂಟುಗಳನ್ನು ಸೀಳಿದಾಗ ಒಳಗೆ ಬೆಳ್ಳನೆ ಉಬ್ಬಿದ ಹೆಣ್ಣುಗಳು ಸಿಕ್ಕಿದವು. ಮೀನು ಹಾಕಿಯೂ ಬಳ್ಳಿ ಹಸಿರಾಗಿದ್ದ ಎರಡು ತೋಟಗಳಲ್ಲಿ ಅದು ಇರಲಿಲ್ಲ. ಭಟ್ಟರ ತೋಟದಲ್ಲಿ ಇತ್ತು. ಗೌಡರ ಪಾತಿಯ ಹಿಡಿಮಣ್ಣಿನಲ್ಲಿ ಕಿಕ್ಕಿರಿದಿತ್ತು.

ಆದರೆ ಗೌಡರ ತೋಟದ ಒಂದು ಬುಡದ ಮಣ್ಣನ್ನು ಜರಡಿ ಹಿಡಿದಾಗ ಸತ್ತ ಕಡಲಹುಳವೂ ಒಂದು ಸಿಕ್ಕಿತು. ಗೋಣಿಯಲ್ಲಿ ಸಿಕ್ಕ ಜಾತಿಯೇ. ನಾನು ಅದನ್ನು ಬರೆದು ಮುಗಿಸಿ ಡಾಕ್ಟ್ರ ಮುಂದಿಟ್ಟೆ.

ಆ ಹೊತ್ತಿಗೆ ಮೇಲಿನ ಕಚೇರಿಯಿಂದ ಒತ್ತಡ ಬಂದಿತ್ತು. ಡಬ್ಬಿಯ ಸಮುದ್ರವನ್ನು ಗದರಿದ್ದ ಅದೇ ಅಧಿಕಾರಿ ಖುದ್ದಾಗಿ ಬಂದು, ಮೀನುಗೊಬ್ಬರ ನಿಲ್ಲಿಸಲು ಶಿಫಾರಸು ಮಾಡಿ ಕೈತೊಳೆದುಕೊಳ್ಳಿ, ಜನ ಸಮಾಧಾನವಾಗುತ್ತಾರೆ ಎಂದಿದ್ದರು. ಇತ್ತ ಹಸನಬ್ಬನ ಪರವಾಗಿ ಹೇಳುವುದಾದರೆ ಈ ಸತ್ತ ಹುಳದ ಸುದ್ದಿ ಎತ್ತದಿರುವುದೇ ಸುಲಭ. ನಾನು ಹಾಗೆಂದೆ ಕೂಡ.

"ಕಂಡದ್ದನ್ನು ಬಿಟ್ಟರೆ ನಾಳೆ ಗೌಡ್ರು ಬೂತಗನ್ನಡಿಯಲ್ಲಿ ಇನ್ನೊಂದನ್ನು ಹುಡುಕಿ ತೋರಿಸ್ತಾರೆ," ಎಂದರು ಡಾಕ್ಟ್ರು. "ಆಮೇಲೆ ನಮ್ಮ ಸೂಜಿಯ ಮಾತನ್ನೂ ಯಾರೂ ನಂಬುದಿಲ್ಲ. ಎಲ್ಲ ಹುಳವನ್ನೂ ಕಡಬಕ್ಕೆ ತಕೊಂಡು ಹೋಗುವ. ಅವರೇ ನೋಡಲಿ." ಗಾಜಿನ ಪಟ್ಟಿಗಳನ್ನು ಜೋಡಿಸುತ್ತ, "ಪಾತಿಯ ವಿಷಯ ಅಲ್ಲಿ ಎತ್ತುದು ಬೇಡ. ಗೌಡ್ರಿಗೆ ಆಮೇಲೆ ನಾನೊಬ್ಬನೇ ಹೋಗಿ ಹೇಳ್ತೇನೆ," ಎಂದರು.

ಒಂದು ಭಾನುವಾರ ಕಡಬದ ಶಾಲೆಯ ಜಗಲಿಯಲ್ಲಿ ಬಿಸಿಲು ಬೀಳುವ ಜಾಗ ನೋಡಿ ಸೂಕ್ಷ್ಮದರ್ಶಕ ಇಟ್ಟೆವು. ಕನ್ನಡಿಯನ್ನು ಸೂರ್ಯನ ಕಡೆ ತಿರುಗಿಸುತ್ತ ಕೂರುವುದು ನನ್ನ ಕೆಲಸ. ಬೆಳೆಗಾರರೆಲ್ಲ ಬಂದಿದ್ದರು. ಗೌಡರು ಮುಂದಿನ ಬೆಂಚಿನಲ್ಲಿ, ಭಟ್ಟರು ಅವರ ಪಕ್ಕ. ಹಸನಬ್ಬ ಅಂಗಳದಲ್ಲೇ ನಿಂತಿದ್ದ. ಮೇಲೆ ಬಾ ಎಂದು ಯಾರೂ ಕರೆಯಲಿಲ್ಲ, ಅವನೂ ಬರಲಿಲ್ಲ.

ಡಾಕ್ಟ್ರು ಮೊದಲು ಸತ್ತ ಕಡಲಹುಳವನ್ನು ತೋರಿಸಿದರು. "ಗೌಡ್ರು ಹೇಳಿದ್ದು ಸುಳ್ಳಲ್ಲ. ಸಮುದ್ರದ ಹುಳ ಕಡಬಕ್ಕೆ ಬಂದಿದೆ. ಇದು ಗೌಡ್ರ ತೋಟದಲ್ಲೇ ಸಿಕ್ಕಿದ್ದು."

ಜನರಲ್ಲಿ ಗುಜುಗುಜು ಎದ್ದಿತು. ಹಸನಬ್ಬ ತಲೆ ತಗ್ಗಿಸಿದ. ಡಾಕ್ಟ್ರು ಬಸ್ಸಿನ ಡಬ್ಬಿಯಿಂದ ತಂದ ಜೀವಂತ ಕಡಲಹುಳಗಳನ್ನು ಉಪ್ಪುನೀರಿನ ಬಟ್ಟಲಲ್ಲಿ ಇಟ್ಟರು. ಜನ ಒಬ್ಬೊಬ್ಬರಾಗಿ ನೋಡಿದರು. ಹುಳ ಹಾವಿನ ಹಾಗೆ ಹೊರಳುತ್ತಿತ್ತು. ಬಳಿಕ ಗೌಡರ ಕೈಯಲ್ಲೇ ಶಾಲೆಯ ಬಾವಿಯ ನೀರು ತರಿಸಿ, ಕೆಲವು ಹುಳಗಳನ್ನು ಅದಕ್ಕೆ ಹಾಕಿದರು. ಎಲ್ಲರೂ ಎಲೆಯಡಿಕೆ ಹಾಕಿ ಉಗಿದು ಬರುವಷ್ಟರಲ್ಲಿ ಅವು ಉಬ್ಬಿ, ಕೋಲಿನಂತೆ ಸೆಟೆದಿದ್ದವು.

"ಇದಕ್ಕೆ ನಮ್ಮ ನೀರು ಆಗುದಿಲ್ಲ," ಎಂದರು ಡಾಕ್ಟ್ರು. "ಇನ್ನು ಬಾಯಿ ನೋಡಿ. ಬೇರು ಕಚ್ಚಲಿಕ್ಕೆ ಇದರಲ್ಲಿ ಎಂತದ್ದೂ ಇಲ್ಲ."

ಆಮೇಲೆ ಸೂಜಿಬಾಯಿಯ ಹುಳವನ್ನು ಇಟ್ಟರು. ನಾನು ದೊಡ್ಡದಾಗಿ ಬರೆದಿದ್ದ ಎರಡು ತಲೆಗಳ ಚಿತ್ರವನ್ನು ಪಕ್ಕಪಕ್ಕ ಗೋಡೆಗೆ ಅಂಟಿಸಿದ್ದೆ. ಜನ ಗಾಜಿನಲ್ಲಿ ನೋಡುವುದು, ಚಿತ್ರ ನೋಡುವುದು, ಮತ್ತೆ ಗಾಜಿನಲ್ಲಿ ನೋಡುವುದು. ಗೌಡರು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು.

"ಇದು ಎಲ್ಲರ ತೋಟದಲ್ಲಿ ಉಂಟಾ?" ಎಂದು ಕೇಳಿದರು.

"ಹಳದಿ ಬಿದ್ದ ಎಲ್ಲ ತೋಟದಲ್ಲಿ."

"ಭಟ್ಟರಲ್ಲಿ?"

"ಅಲ್ಲಿಯೂ ಉಂಟು."

"ಅವರು ಮೀನು ಹಾಕುವವರಲ್ಲ." ಗೌಡರು ಮತ್ತೊಮ್ಮೆ ಗಾಜಿನೊಳಗೆ ನೋಡಿದರು. "ಹಾಗಾದ್ರೆ ಇದು ಬಂದದ್ದು ಎಲ್ಲಿಂದ ಡಾಕ್ಟ್ರೆ?"

"ಅದನ್ನು ಆಮೇಲೆ ಮಾತಾಡುವ ಗೌಡ್ರೆ."

ಆಮೇಲೆ ಎಂಬ ಮಾತೇ ಗೌಡರಿಗೆ ಸಾಕಾಯಿತೇನೋ. ಅವರು ಪಕ್ಕಕ್ಕೆ ತಿರುಗಿ ಭಟ್ಟರನ್ನು ಕೇಳಿದರು: "ಭಟ್ರೆ, ನಿಮ್ಮ ಬಳ್ಳಿ ಎಲ್ಲಿಯದ್ದು?"

ಭಟ್ಟರು ಹೆಗಲ ವಸ್ತ್ರವನ್ನು ಸರಿಮಾಡಿಕೊಂಡರು. "ನೀವು ಕೊಟ್ಟದ್ದೇ ಅಲ್ವಾ ಗೌಡ್ರೆ," ಎಂದರು, ಕೇಳಿಸದಷ್ಟು ಮೆಲ್ಲಗೆ.

ಗೌಡರು ಬೆಂಚಿನ ಉದ್ದಕ್ಕೂ ಒಬ್ಬೊಬ್ಬರ ಮುಖವನ್ನು ನೋಡುತ್ತ ಹೋದರು. ಯಾರನ್ನೂ ಬಾಯಿಬಿಟ್ಟು ಕೇಳಲಿಲ್ಲ. ಪ್ರತಿಯೊಬ್ಬರೂ ಕಣ್ಣು ಕೆಳಗೆ ಹಾಕಿದರು. ಸುಳ್ಳು ಹೇಳಿ ಅವರನ್ನು ಉಳಿಸಬೇಕು ಎಂದು ನನಗೆ ಆ ಕ್ಷಣ ಅನಿಸಿದ್ದು ನಿಜ. ಸೂರ್ಯ ಸರಿದದ್ದು ಕಂಡು ಕನ್ನಡಿಯನ್ನು ಮತ್ತೆ ತಿರುಗಿಸಿದೆ.

"ನನ್ನ ಪಾತಿಯ ಮಣ್ಣು ಕಟ್ಟಿಕೊಂಡು ಹೋಗಿದ್ರಲ್ಲ," ಎಂದರು ಗೌಡರು. "ಅದರಲ್ಲಿ?"

"ಉಂಟು," ಎಂದರು ಡಾಕ್ಟ್ರು. "ಬದನೆಯ ಬೇರಿಗೂ ಈ ಹುಳ ಆಗ್ತದೆ. ಬದನೆ ಯಾಕೆ ಕೈಹಿಡೀಲಿಲ್ಲ ಅಂತ ನಿಮಗೆ ಗೊತ್ತಾಗುವ ದಾರಿ ಇರಲಿಲ್ಲ. ಅದು ಮಣ್ಣಿನಲ್ಲೇ ಉಳಿದು ಮೆಣಸಿನ ಬೇರಿಗೆ ಹತ್ತಿದ್ದು. ಬರಿಗಣ್ಣಿಗೆ ಕಾಣುವ ವಸ್ತು ಅಲ್ಲ ಗೌಡ್ರೆ."

ಗೌಡರು ಎದ್ದು ಅಂಗಳಕ್ಕೆ ಇಳಿದರು. ಹಸನಬ್ಬನ ಎದುರು ನಿಂತರು. ಇಬ್ಬರೂ ಒಂದೇ ಎತ್ತರ.

"ನಾನು ಅಂದದ್ದು ಎಲ್ಲರ ಎದುರು," ಎಂದರು. "ಹಾಗಾಗಿ ಇದನ್ನೂ ಎಲ್ಲರ ಎದುರೇ ಹೇಳ್ತೇನೆ. ಹುಳ ತಂದದ್ದು ನೀನಲ್ಲ ಹಸನಬ್ಬ, ನಾನು. ಮಕ್ಕಳಿಗೂ ಹೇಳು, ಗೌಡ್ರು ಹೀಗೆ ಹೇಳಿದ್ರು ಅಂತ."

ಹಸನಬ್ಬ ಜಗಲಿಯ ಕಡೆ ಕೈ ತೋರಿಸಿದ. "ಬಿಸಿಲು ಉಂಟು, ಮೇಲೆ ಹೋಗಿ ಕೂತ್ಕೊಳ್ಳಿ ಗೌಡ್ರೆ," ಎಂದ.

"ನೀನೂ ಬಾ," ಎಂದರು ಗೌಡರು.

ಆ ವಾರ ಗೌಡರು ಪಾತಿಯ ಬಳ್ಳಿಗಳನ್ನೆಲ್ಲ ಕಿತ್ತು ಸುಟ್ಟರು. ಯಾರ ಸಹಾಯವನ್ನೂ ತೆಗೆದುಕೊಳ್ಳಲಿಲ್ಲವಂತೆ. ಹಳದಿ ಬಿದ್ದ ಬಳ್ಳಿ ತೆಗೆಯಲು ತೋಟ ತೋಟಕ್ಕೆ ತಾವೇ ಹೋದರು. ಮೇಲಿನ ಕಚೇರಿಗೆ ಡಾಕ್ಟ್ರು ಕಳಿಸಿದ ವರದಿಯಲ್ಲಿ ಸತ್ತ ಕಡಲಹುಳವೂ ಇತ್ತು, ಸೂಜಿಬಾಯಿಯೂ ಇತ್ತು, ಬದನೆಯೂ ಇತ್ತು. ಗೌಡರ ಹೆಸರು ಇರಲಿಲ್ಲ. ಶಿಫಾರಸು ಕೇಳಿದ್ದ ಅಧಿಕಾರಿ ಇದರಿಂದ ಖುಷಿಪಡಲಿಲ್ಲ, ಆದರೆ ಮೀನುಗೊಬ್ಬರಕ್ಕೆ ತಡೆ ಬರಲಿಲ್ಲ.

ನಮಗೆ ಇನ್ನೊಂದು ಕೆಲಸ ಉಳಿದಿತ್ತು. ಗೋಣಿಯಲ್ಲಿ ಸಿಕ್ಕ ಹೆಣ್ಣುಹುಳ ಹೊಸ ಜಾತಿಯೇ ಎಂದು ಡಾಕ್ಟ್ರಿಗೆ ಅನಿಸಿತ್ತು, ಆದರೆ ಗಂಡು ಇಲ್ಲ. ಸುದ್ದಿ ಕೇಳಿದ ಹಸನಬ್ಬ ತಾನೇ ಬಂದು, "ಲಾರಿ ಹೇಗೂ ಖಾಲಿ ಹೋಗುದು, ಬನ್ನಿ," ಎಂದ. ನಾವು ಮುಂದಿನ ಸೀಟಿನಲ್ಲಿ ಕೂತು ಮಂಗಳೂರಿಗೆ ಹೋದೆವು. ಮೀನು ಹರಡುವ ಕಡಲಕರೆಯ ಮರಳನ್ನು ಹಸನಬ್ಬನೇ ಅಗೆದು ಕೊಟ್ಟ. ಸುತ್ತಲಿನ ಮೀನುಗಾರ ಹೆಂಗಸರು ಬುಟ್ಟಿ ಇಳಿಸಿ, ಈ ಮೂವರು ಮರಳಿನಲ್ಲಿ ಕಳೆದುಕೊಂಡದ್ದೇನು ಎಂದು ತಾವೂ ಹುಡುಕತೊಡಗಿದರು.

ಗಂಡು ಸಿಕ್ಕಿತು, ಒಂದಲ್ಲ, ಹಲವು. ಅದರ ಬಾಲದ ಕೆಳಗೆ ಬಾಚಣಿಗೆಯ ಹಲ್ಲುಗಳಂತೆ ಒಂದು ಸಾಲು ರೋಮ. ಬೇರೆ ಯಾವುದಕ್ಕೂ ಅದಿಲ್ಲ. ನಾನು ಆ ಬಾಲವನ್ನು ಬರೆದಷ್ಟು ಪ್ರೀತಿಯಿಂದ ಇನ್ನೇನನ್ನೂ ಬರೆದಿಲ್ಲ.

"ಇದಕ್ಕೆ ನಿಮ್ಮ ಹೆಸರು ಇಡ್ತೇನೆ ಹಸನಬ್ಬ," ಎಂದರು ಡಾಕ್ಟ್ರು. ಅವರ ಲೋಕದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

ಹಸನಬ್ಬ ಗಾಬರಿಯಾದ. "ಬೇಡ ಮಾರಾಯ್ರೆ. ಊರಿನವರು ಹುಳದ ಬ್ಯಾರಿ ಅಂತ ಕರೆಯುದು ಈಗಷ್ಟೇ ಬಿಟ್ಟಿದ್ದಾರೆ. ನೀವು ಪುಸ್ತಕದಲ್ಲಿ ಬರೆದ್ರೆ ಅದು ಹೋಗುದು ಹೇಗೆ?"

ಡಾಕ್ಟ್ರು ಅಷ್ಟು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊನೆಗೆ ಲ್ಯಾಟಿನಿನಲ್ಲಿ ಬಾಚಣಿಗೆಬಾಲ ಎಂಬ ಅರ್ಥ ಬರುವ ಹೆಸರಿಟ್ಟರು.

ಈಗ ಹುಳವನ್ನು ಅರೆದು ಅದರ ವಂಶವಾಹಿಯನ್ನು ಯಂತ್ರದಲ್ಲಿ ಓದುತ್ತಾರೆ. ಒಳ್ಳೆಯದೇ. ಕುಲಾವಿಯ ಮರಿ ಇನ್ನು ಯಾರನ್ನೂ ಮೋಸಗೊಳಿಸಲಾರದು. ಆದರೂ ಕಲಿಯಲು ಬಂದ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಅರೆಯುವ ಮೊದಲು ಒಮ್ಮೆ ಬಾಯಿ ನೋಡಿ, ಬಾಲ ನೋಡಿ. ಅದು ಯಾವ ತೋಟದಿಂದ ಬಂತು, ಆ ತೋಟದವರು ಯಾರು ಎಂಬುದನ್ನೂ ಕೇಳಿ.

ಡಾಕ್ಟ್ರಿಗೆ ಮತ್ತೆ ಕಡಲಕರೆಗೆ ವರ್ಗವಾಯಿತು. ನಾನು ಪುತ್ತೂರಿನಲ್ಲೇ ಉಳಿದೆ. ಅವರು ಹೋದ ಮರುವರ್ಷ, ಮಳೆ ಹಿಡಿಯುವ ಮೊದಲು, ಕುಶಾಲಪ್ಪ ಗೌಡರು ಪ್ರಯೋಗಶಾಲೆಗೆ ಬಂದರು. ಬದನೆ ಕಾಣದ ಎತ್ತರದ ಜಾಗದಲ್ಲಿ ಹೊಸ ಪಾತಿ ಮಾಡಿದ್ದರು. ಮಣ್ಣನ್ನು ಬೇಸಿಗೆಯಿಡೀ ಬಿಸಿಲಿಗೆ ಹರಡಿ ಕಾಯಿಸಿದ್ದರು. "ನೋಡಿ ಹೇಳು ಮಗಾ. ಇಲ್ಲ ಅಂತ ನೀನು ಹೇಳಿದ ಮೇಲೆಯೇ ಇನ್ನು ಬೇರೆಯವರಿಗೆ ಕೊಡುದು," ಎಂದರು. ಆಲಿಕೆ ಇಟ್ಟು ನೋಡಿದೆ. ಹಟ ಹಿಡಿದು ಮತ್ತೆ ಮತ್ತೆ ನೋಡಿದೆ. ಸೂಜಿಬಾಯಿ ಇರಲಿಲ್ಲ.

ಬಳ್ಳಿಗಳ ಬೇರನ್ನೂ ನೋಡಿಬಿಡುವ ಎಂದು ನಾನೇ ಕಡಬಕ್ಕೆ ಹೋದೆ. ಬೇರು ಬೆಳ್ಳಗೆ, ಗಂಟಿಲ್ಲದೆ ಇತ್ತು. ಗೌಡರು ಮೊದಲ ಬಳ್ಳಿಯನ್ನು ಅಡಿಕೆಯ ಹಾಳೆಯಲ್ಲಿ ಕಟ್ಟಿಕೊಂಡು ನನ್ನನ್ನು ಪೇಟೆಗೆ ಕರೆದುಕೊಂಡು ಬಂದರು. ಯಾರಿಗೆಂದು ಹೇಳಲಿಲ್ಲ. ಹಸನಬ್ಬನ ಗೊಬ್ಬರದ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಹಲಸಿನ ಮರವಿತ್ತು. ಅದರ ಬುಡದಲ್ಲಿ ಬಳ್ಳಿಯನ್ನು ಇಟ್ಟರು. ಹಸನಬ್ಬ ಲುಂಗಿ ಎತ್ತಿ ಕಟ್ಟಿ ಹಾರೆ ತಂದ. ಜೀವಮಾನದಲ್ಲಿ ಅವನು ಏನನ್ನೂ ನೆಟ್ಟವನಲ್ಲ. ಹೊಂಡ ತೋಡಿ, ಬಳ್ಳಿ ಇಟ್ಟು, ಮಣ್ಣು ಮುಚ್ಚಿದ.

"ಇದಕ್ಕೆ ಗೊಬ್ಬರ ಎಂತ ಹಾಕುದು ಗೌಡ್ರೆ?" ಎಂದು ಕೇಳಿದ.

ಗೌಡರು ಕೈಯ ಮಣ್ಣು ಕೊಡವಿಕೊಂಡರು.

"ಮೀನು," ಎಂದರು.